ಕಿಲ್ಲರ್ ಸುಡೊಕು: ಊಹೆಯಿಲ್ಲದೆ ಬಿಡಿಸುವ ಕ್ರಮ

ಸುಡೊಕು ಎಂಬ ಅಂಕಿಯೊಗಟು ಇಂದು ಕನ್ನಡ ದಿನಪತ್ರಿಕೆಗಳ ಓದುಗರಿಗೂ ಪರಿಚಿತವೇ ಆಗಿದೆ. ಅದರ ಸಮೀಪದ ಬಂಧುವಾದ ಕಿಲ್ಲರ್ ಸುಡೊಕು ಅಷ್ಟು ಪರಿಚಿತವಲ್ಲ. ಹೆಸರು ಕೇಳಿಯೇ ಹಿಂಜರಿಯುವವರು ಹೆಚ್ಚು. ಇದನ್ನು ಬಿಡಿಸಲು ಗಣಿತದ ಪದವಿ ಬೇಕಿಲ್ಲ, ಪ್ರಾಥಮಿಕ ಶಾಲೆಯಲ್ಲಿ ಕಲಿತ ಕೂಡುವ ಕಳೆಯುವ ಲೆಕ್ಕ ಸಾಕು. ಅದರ ಜೊತೆಗೆ ಒಂದು ಶಿಸ್ತು ಬೇಕು: ಸಾಬೀತಾಗದ ಅಂಕಿಯನ್ನು ಮನೆಯೊಳಗೆ ಬರೆಯಬಾರದು.

ನಾನು ವೃತ್ತಿಯಿಂದ ವೈದ್ಯ. ಇಂಗ್ಲೆಂಡಿಗೆ ಬಂದ ಹೊಸದರಲ್ಲಿ ರಾತ್ರಿ ಪಾಳಿಯ ವೈದ್ಯರ ಕೋಣೆಯಲ್ಲಿ ಯಾರೋ ಬಿಟ್ಟುಹೋದ ಪತ್ರಿಕೆಯ ಒಗಟಿನ ಪುಟವೇ ನನಗೆ ಈ ಆಟದ ಗುರುವಾಯಿತು. ಬಹಳ ಕಾಲ ನಾನಿದನ್ನು ತಪ್ಪಾಗಿ ಆಡುತ್ತಿದ್ದೆ. ಅರ್ಧ ತರ್ಕ, ಅರ್ಧ ಊಹೆ. ಒಂದು ದಿನ ಆ ಅಭ್ಯಾಸ ಒಗಟಿನ ಪುಟದಾಚೆಗೂ ಹಬ್ಬಿದೆಯೆಂದು ತಿಳಿದ ಮೇಲೆ ಇದನ್ನು ಮೊದಲಿನಿಂದ ಕಲಿತೆ. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ. ಈ ಲೇಖನದಲ್ಲಿ ಆಟದ ನಿಯಮ, ಇತಿಹಾಸ, ಮುಖ್ಯ ತಂತ್ರಗಳು ಮತ್ತು ಹಂತಹಂತವಾಗಿ ಬಿಡಿಸಿದ ಒಂದು ಉದಾಹರಣೆ ಇವೆ. ಓದುಗರು ಕಾಗದ, ಪೆನ್ಸಿಲು ಹಿಡಿದು ಕುಳಿತರೆ ಹೆಚ್ಚು ಪ್ರಯೋಜನವಾದೀತು.

ನಿಯಮಗಳು

ಸುಡೊಕು ಮಣೆಯಲ್ಲಿ 81 ಮನೆಗಳಿರುತ್ತವೆ: ಒಂಬತ್ತು ಅಡ್ಡಸಾಲುಗಳು, ಒಂಬತ್ತು ಕಂಬಸಾಲುಗಳು, ಮೂರು ಗುಣಿಸು ಮೂರರ ಒಂಬತ್ತು ಚೌಕಗಳು. ಪ್ರತಿ ಅಡ್ಡಸಾಲಿನಲ್ಲಿ, ಪ್ರತಿ ಕಂಬಸಾಲಿನಲ್ಲಿ, ಪ್ರತಿ ಚೌಕದಲ್ಲಿ 1ರಿಂದ 9ರವರೆಗಿನ ಅಂಕಿಗಳು ಒಂದೊಂದು ಬಾರಿ ಬರಬೇಕು. ಸಾಮಾನ್ಯ ಸುಡೊಕುವಿನಲ್ಲಿ ಕೆಲವು ಅಂಕಿಗಳನ್ನು ಮೊದಲೇ ತುಂಬಿಸಿ ಕೊಟ್ಟಿರುತ್ತಾರೆ.

ಕಿಲ್ಲರ್ ಸುಡೊಕುವಿನಲ್ಲಿ ಸಾಮಾನ್ಯವಾಗಿ ಒಂದು ಅಂಕಿಯನ್ನೂ ಕೊಟ್ಟಿರುವುದಿಲ್ಲ. ಅದರ ಬದಲು ಮಣೆಯನ್ನು ಚುಕ್ಕಿಗೆರೆಗಳಿಂದ ಸಣ್ಣ ಸಣ್ಣ ಆವರಣಗಳಾಗಿ ವಿಂಗಡಿಸಿರುತ್ತಾರೆ. ಇವಕ್ಕೆ ಪಂಜರ ಎನ್ನೋಣ. ಪಂಜರದ ಮೂಲೆಯಲ್ಲಿ ಬರೆದಿರುವ ಸಂಖ್ಯೆ ಅದರೊಳಗಿನ ಅಂಕಿಗಳ ಮೊತ್ತ. ಇದರ ಜೊತೆಗೆ ಇನ್ನೊಂದು ನಿಯಮವಿದೆ: ಒಂದೇ ಪಂಜರದಲ್ಲಿ ಯಾವ ಅಂಕಿಯೂ ಎರಡು ಬಾರಿ ಬರಬಾರದು. ಪಂಜರವು ಎರಡು ಚೌಕಗಳಿಗೆ ಚಾಚಿಕೊಂಡಿದ್ದರೂ ಈ ನಿಯಮ ಸಡಿಲವಾಗುವುದಿಲ್ಲ. ಈ ಕೊನೆಯ ವಾಕ್ಯವನ್ನು ಓದುಗರು ನೆನಪಿನಲ್ಲಿಡಬೇಕು. ಲೇಖನದ ಅರ್ಧ ಭಾರ ಅದರ ಮೇಲೆ ನಿಂತಿದೆ.

ಹುಟ್ಟು ಮತ್ತು ಹರಡುವಿಕೆ

ಸುಡೊಕು ಜಪಾನಿನ ಹೆಸರು, ಆದರೆ ಅದರ ಇಂದಿನ ರೂಪ ಹುಟ್ಟಿದ್ದು ಅಮೆರಿಕದಲ್ಲಿ. ಇಂಡಿಯಾನಾ ರಾಜ್ಯದ ನಿವೃತ್ತ ವಾಸ್ತುಶಿಲ್ಪಿ ಹೋವರ್ಡ್ ಗಾರ್ನ್ಸ್ ರಚಿಸಿದರೆಂದು ನಂಬಲಾದ ಈ ಒಗಟು 1979ರಲ್ಲಿ ಡೆಲ್ ಸಂಸ್ಥೆಯ ಪತ್ರಿಕೆಯಲ್ಲಿ ‘ನಂಬರ್ ಪ್ಲೇಸ್’ ಎಂಬ ಹೆಸರಿನಿಂದ ಪ್ರಕಟವಾಯಿತು. 1984ರಲ್ಲಿ ಜಪಾನಿನ ನಿಕೋಲಿ ಪ್ರಕಾಶನವು ಅದನ್ನು ತನ್ನ ಓದುಗರಿಗೆ ಪರಿಚಯಿಸಿತು. ‘ಅಂಕಿಗಳು ಒಂಟಿಯಾಗಿರಬೇಕು’ ಎಂಬರ್ಥದ ಉದ್ದನೆಯ ಹೆಸರನ್ನು ಸುಡೊಕು ಎಂದು ಮೊಟಕುಗೊಳಿಸಿದವರು ನಿಕೋಲಿಯ ಮಾಕಿ ಕಾಜಿ. ನ್ಯೂಜಿಲೆಂಡ್ ಮೂಲದ, ಹಾಂಗ್‌ಕಾಂಗಿನಲ್ಲಿ ನ್ಯಾಯಾಧೀಶರಾಗಿದ್ದ ವೇಯ್ನ್ ಗೂಲ್ಡ್ ಇದಕ್ಕಾಗಿ ಒಂದು ಗಣಕ ಕಾರ್ಯಕ್ರಮ ಬರೆದು ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಯನ್ನು ಒಪ್ಪಿಸಿದರು. 2004ರ ನವೆಂಬರಿನಲ್ಲಿ ಅಲ್ಲಿ ಪ್ರಕಟಣೆ ಆರಂಭವಾದ ಕೆಲವೇ ತಿಂಗಳುಗಳಲ್ಲಿ ಈ ಗೀಳು ಲೋಕವನ್ನೆಲ್ಲ ಸುತ್ತಿತು.

ಮೊತ್ತದ ಪಂಜರಗಳಿರುವ ಬಗೆ ಜಪಾನಿನಲ್ಲಿ ಅದಕ್ಕೂ ಮೊದಲೇ ಬಳಕೆಯಲ್ಲಿತ್ತು. ಇಂಗ್ಲಿಷ್ ಓದುಗರಿಗೆ ಅದು ‘ಕಿಲ್ಲರ್’ ಎಂಬ ಹೆಸರಿನಲ್ಲಿ ಪರಿಚಯವಾದದ್ದು 2005ರಲ್ಲಿ, ಅದೇ ‘ದಿ ಟೈಮ್ಸ್’ ಮೂಲಕ. ಮೊತ್ತದ ತರ್ಕವನ್ನು ಇದು ಕಕುರೊ ಎಂಬ ಇನ್ನೊಂದು ಒಗಟಿನಿಂದ ಪಡೆದಿದೆ, ಸ್ಥಾನದ ತರ್ಕವನ್ನು ಸುಡೊಕುವಿನಿಂದ. ಎರಡೂ ಕೂಡಿದ್ದರಿಂದಲೇ ಇದು ಕಠಿಣ, ಇದು ರುಚಿಕರ.

ಮೊದಲ ಉಪಕರಣ: ಅಂಕಿಗಳ ಕೂಟ

ಎರಡು ಮನೆಗಳ ಪಂಜರದ ಮೊತ್ತ 3 ಎಂದಿದ್ದರೆ ಅಲ್ಲಿ 1 ಮತ್ತು 2 ಇರಲೇಬೇಕು. ಮೊತ್ತ 10 ಎಂದಿದ್ದರೆ ನಾಲ್ಕು ದಾರಿಗಳಿವೆ: 1-9, 2-8, 3-7, 4-6. ಅಂದರೆ ತೀರ ಚಿಕ್ಕ ಮತ್ತು ತೀರ ದೊಡ್ಡ ಮೊತ್ತಗಳು ಮಾತಾಡುತ್ತವೆ, ನಡುವಿನ ಮೊತ್ತಗಳು ಮೌನವಾಗಿರುತ್ತವೆ. ಒಗಟನ್ನು ಕೈಗೆತ್ತಿಕೊಂಡಾಗ ಮೊದಲು ನೋಡಬೇಕಾದದ್ದು ಮಾತಾಡುವ ಪಂಜರಗಳನ್ನು. ಒಂದೇ ಒಂದು ಕೂಟ ಸಾಧ್ಯವಿರುವ ಮೊತ್ತಗಳು ಇವು:

ಎರಡು ಮನೆ: 3 (1, 2), 4 (1, 3), 16 (7, 9), 17 (8, 9).
ಮೂರು ಮನೆ: 6 (1, 2, 3), 7 (1, 2, 4), 23 (6, 8, 9), 24 (7, 8, 9).
ನಾಲ್ಕು ಮನೆ: 10 (1, 2, 3, 4), 11 (1, 2, 3, 5), 29 (5, 7, 8, 9), 30 (6, 7, 8, 9).

ಇನ್ನೂ ದೊಡ್ಡ ಪಂಜರಗಳಿಗೆ ಬೇರೆ ಪಟ್ಟಿಯನ್ನು ಬಾಯಿಪಾಠ ಮಾಡಬೇಕಿಲ್ಲ. ಒಂಬತ್ತು ಅಂಕಿಗಳ ಒಟ್ಟು ಮೊತ್ತ 45. ಏಳು ಮನೆಗಳ ಪಂಜರದ ಮೊತ್ತ 41 ಎಂದಿದ್ದರೆ, ಅಲ್ಲಿ ಇಲ್ಲದ ಎರಡು ಅಂಕಿಗಳ ಮೊತ್ತ 4. ಆದ್ದರಿಂದ 1 ಮತ್ತು 3 ಅಲ್ಲಿಲ್ಲ, ಉಳಿದೆಲ್ಲ ಇವೆ. ಇರುವುದನ್ನು ಹುಡುಕುವುದಕ್ಕಿಂತ ಇಲ್ಲದ್ದನ್ನು ಹುಡುಕುವುದು ಸುಲಭವಾದಾಗ ಹಾಗೆಯೇ ಮಾಡಬೇಕು.

ಒಂದಕ್ಕಿಂತ ಹೆಚ್ಚು ಕೂಟಗಳಿದ್ದರೂ ಕೆಲವೊಮ್ಮೆ ಒಂದು ಅಂಕಿ ಎಲ್ಲದರಲ್ಲೂ ಇರುತ್ತದೆ. ಮೂರು ಮನೆಯ 8ಕ್ಕೆ 1-2-5 ಮತ್ತು 1-3-4 ಎಂಬ ಎರಡೇ ದಾರಿ. ಯಾವುದಾದರೂ 1 ಖಚಿತ. ಮೂರು ಮನೆಯ 22ಕ್ಕೆ 5-8-9 ಮತ್ತು 6-7-9, 9 ಖಚಿತ. ಅಂಥ ಪಂಜರ ಒಂದೇ ಸಾಲಿನಲ್ಲಿದ್ದರೆ ಆ ಸಾಲಿನ ಉಳಿದ ಮನೆಗಳಿಂದ ಆ ಅಂಕಿಯನ್ನು ಹೊಡೆದುಹಾಕಬಹುದು. ಮೂರು ಮನೆಯ 15ಕ್ಕೆ ಮಾತ್ರ ಎಂಟು ಕೂಟಗಳಿವೆ. ಮೂರು ಗುಣಿಸು ಮೂರರ ಮಾಯಾಚೌಕದ ಎಂಟು ಗೆರೆಗಳಲ್ಲಿ ಬರುವುದು ಅವೇ. ಅಂಥ ಪಂಜರವನ್ನು ಆರಂಭದಲ್ಲಿ ಮುಟ್ಟದಿರುವುದೇ ಜಾಣತನ.

ಒಂದೊಂದರಂತೆ, ಎರಡೆರಡರಂತೆ, ಮೂರು ಮೂರರಂತೆ ಕೂಡಿಸಿ ಎಣಿಸುವ ಈ ವಿದ್ಯೆ ನಮ್ಮ ನೆಲದಲ್ಲಿ ಬಹಳ ಹಳೆಯದು. ಸುಶ್ರುತ ಸಂಹಿತೆಯಲ್ಲಿ ಆರು ರಸಗಳಿಂದ 63 ಬಗೆಯ ಕೂಟಗಳಾಗುತ್ತವೆಂದು ಎಣಿಸಿದ್ದಾರೆ. ಇಷ್ಟು ವಸ್ತುಗಳಿಂದ ಇಷ್ಟನ್ನು ಆಯಲು ಎಷ್ಟು ದಾರಿಗಳಿವೆ ಎಂಬುದಕ್ಕೆ ಸಾಮಾನ್ಯ ಸೂತ್ರವನ್ನು ಕೊಟ್ಟವನು, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ ಒಂಬತ್ತನೆಯ ಶತಮಾನದಲ್ಲಿ ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯ. ಅದೇ ಲೆಕ್ಕವನ್ನು ಒಂಬತ್ತು ಅಂಕಿಗಳಿಗೆ ಹಚ್ಚಿದರೆ 511 ಕೂಟಗಳು ಸಿಗುತ್ತವೆ. ಒಂಟಿ ಅಂಕಿಗಳನ್ನು ಬಿಟ್ಟರೆ 502. ಕಿಲ್ಲರ್ ಸುಡೊಕುವಿನ ಯಾವುದೇ ಪಂಜರದ ಉತ್ತರ ಆ 502ರ ಒಳಗೇ ಇದೆ.

ಎರಡನೆಯ ಉಪಕರಣ: 45ರ ನಿಯಮ

ಪ್ರತಿ ಅಡ್ಡಸಾಲು, ಕಂಬಸಾಲು, ಚೌಕದ ಮೊತ್ತ 45. ಎರಡು ಸಾಲುಗಳದ್ದು 90, ಮೂರರದ್ದು 135. ಇಷ್ಟು ಸರಳವಾದ ಸಂಗತಿಯಿಂದ ಎಂಥ ಗಟ್ಟಿ ಫಲಗಳು ಹೊರಡುತ್ತವೆಂದು ನನಗೆ ಇಂದಿಗೂ ಬೆರಗು.

ಒಂದು ಚೌಕದೊಳಗೆ ಪೂರ್ತಿಯಾಗಿ ಅಡಗಿದ ಪಂಜರಗಳ ಮೊತ್ತ 39 ಆಗಿ, ಒಂದೇ ಮನೆ ಹೊರಗಿನ ಪಂಜರಕ್ಕೆ ಸೇರಿದ್ದರೆ ಆ ಮನೆಯಲ್ಲಿ 6 ಇರಲೇಬೇಕು. ಇದನ್ನು ಒಳಮನೆ ಎನ್ನೋಣ. ಅದೇ ರೀತಿ ಚೌಕವನ್ನು ಪೂರ್ತಿ ತುಂಬುವ ಪಂಜರಗಳಲ್ಲೊಂದು ಒಂದು ಮನೆಯಷ್ಟು ಹೊರಗೆ ಚಾಚಿದ್ದು, ಅವುಗಳ ಮೊತ್ತ 49 ಆಗಿದ್ದರೆ ಹೊರಗಿನ ಮನೆಯಲ್ಲಿ 4 ಇದೆ. ಇದು ಹೊರಮನೆ. ಒಂದು ಒಳಮನೆ, ಒಂದು ಹೊರಮನೆ ಎರಡೂ ಇದ್ದರೆ ಅಂಕಿ ನೇರವಾಗಿ ಸಿಗುವುದಿಲ್ಲ, ಆದರೆ ಅವುಗಳ ವ್ಯತ್ಯಾಸ ಸಿಗುತ್ತದೆ. ಕಠಿಣ ಒಗಟುಗಳಲ್ಲಿ ಬಾಗಿಲು ತೆರೆಯುವುದು ಹೆಚ್ಚಾಗಿ ಈ ವ್ಯತ್ಯಾಸದಿಂದಲೇ.

ಒಂದು ಉದಾಹರಣೆ

ಈ ಲೇಖನಕ್ಕಾಗಿ ನಾನೇ ಹೆಣೆದ ಒಂದು ತುಣುಕನ್ನು ಇಲ್ಲಿ ಬಿಡಿಸೋಣ. ಇದು ಪೂರ್ಣ ಒಗಟಲ್ಲ, ಮಣೆಯ ಮೇಲಿನ ಮೂರು ಅಡ್ಡಸಾಲುಗಳು ಮಾತ್ರ. ಅಡ್ಡಸಾಲುಗಳನ್ನು ಮೇಲಿನಿಂದ ಕ, ಖ, ಗ, ಘ ಎಂದು ಕರೆಯೋಣ. ಮನೆಗಳನ್ನು ಎಡದಿಂದ 1ರಿಂದ 9 ಎಂದು ಎಣಿಸೋಣ. ಗ2 ಎಂದರೆ ಮೂರನೆಯ ಸಾಲಿನ ಎರಡನೆಯ ಮನೆ. ಹನ್ನೆರಡು ಪಂಜರಗಳು ಹೀಗಿವೆ:

ಕ1, ಕ2: 4
ಕ3, ಕ4: 14
ಕ5, ಕ6: 7
ಕ7, ಕ8: 16
ಕ9, ಖ9: 10
ಖ1, ಖ2: 17
ಖ3, ಗ3: 9
ಖ4, ಗ4: 11
ಖ5, ಖ6, ಖ7: 6
ಖ8, ಗ8, ಗ9: 16
ಗ1, ಗ2, ಘ2: 13
ಗ5, ಗ6, ಗ7: 16

ಒಂದನೆಯ ಹೆಜ್ಜೆ. ಕ ಸಾಲಿನಲ್ಲಿ ನಾಲ್ಕು ಪಂಜರಗಳು ಪೂರ್ತಿಯಾಗಿ ಅಡಗಿವೆ: 4, 14, 7, 16. ಒಟ್ಟು 41. ಉಳಿದ ಒಳಮನೆ ಕ9, ಅಲ್ಲಿ 4. ಅದರ ಪಂಜರದ ಮೊತ್ತ 10 ಆದ್ದರಿಂದ ಖ9ರಲ್ಲಿ 6.

ಎರಡನೆಯ ಹೆಜ್ಜೆ. ಕ1, ಕ2ರಲ್ಲಿ 1 ಮತ್ತು 3. ಕ7, ಕ8ರಲ್ಲಿ 7 ಮತ್ತು 9. ಯಾವುದು ಎಲ್ಲಿ ಎಂಬುದು ಈಗ ಬೇಡ. ಅವು ಆ ಜೋಡಿ ಮನೆಗಳಿಗೆ ಮೀಸಲು ಎಂಬುದಷ್ಟೇ ಸಾಕು. ಕ5, ಕ6ರ ಮೊತ್ತ 7ಕ್ಕೆ 1-6, 2-5, 3-4 ಎಂಬ ಮೂರು ದಾರಿಗಳಿದ್ದವು. 1 ಮತ್ತು 3 ಬೇರೆಡೆ ಮೀಸಲಾದ್ದರಿಂದ ಉಳಿದದ್ದು 2-5. ಹಾಗಾದರೆ ಕ3, ಕ4ರಲ್ಲಿ 6 ಮತ್ತು 8.

ಮೂರನೆಯ ಹೆಜ್ಜೆ. ಖ1, ಖ2ರ ಮೊತ್ತ 17, ಅಂದರೆ 8 ಮತ್ತು 9. ಮೊದಲ ಚೌಕದ 8 ಅಲ್ಲಿಗೆ ಮೀಸಲು. ಆದ್ದರಿಂದ ಕ3ರಲ್ಲಿ 8 ಇರಲಾರದು. ಅಲ್ಲಿ 6, ಕ4ರಲ್ಲಿ 8.

ನಾಲ್ಕನೆಯ ಹೆಜ್ಜೆ. ಮೊದಲ ಚೌಕಕ್ಕೆ 45ರ ನಿಯಮವನ್ನು ಹಚ್ಚೋಣ. 4, 17, 9, 13 ಎಂಬ ನಾಲ್ಕು ಪಂಜರಗಳ ಮೊತ್ತ 43. ಕ3ರ 6 ಸೇರಿ 49. ಇದರಲ್ಲಿ ಚೌಕದ ಹೊರಗಿರುವುದು ಘ2 ಒಂದೇ. 49ರಲ್ಲಿ 45 ಕಳೆದರೆ ಘ2ರಲ್ಲಿ 4. ಇದನ್ನು ಇನ್ನೊಂದು ದಾರಿಯಿಂದ ತಾಳೆ ನೋಡಬಹುದು. ಹನ್ನೆರಡು ಪಂಜರಗಳ ಒಟ್ಟು ಮೊತ್ತ 139, ಮೂರು ಅಡ್ಡಸಾಲುಗಳ ಮೊತ್ತ 135, ವ್ಯತ್ಯಾಸ 4. ಎರಡು ಸ್ವತಂತ್ರ ದಾರಿಗಳು ಒಂದೇ ಉತ್ತರಕ್ಕೆ ತಂದರೆ ಆ ಉತ್ತರದ ಮೇಲೆ ನಿಶ್ಚಿಂತೆಯಿಂದ ಕಟ್ಟಬಹುದು.

ಐದನೆಯ ಹೆಜ್ಜೆ. ಗ1, ಗ2ರ ಮೊತ್ತ ಈಗ 13ರಲ್ಲಿ 4 ಕಳೆದು 9. ಖ3, ಗ3ರ ಮೊತ್ತವೂ 9. ಮೊದಲ ಚೌಕದಲ್ಲಿ ಉಳಿದ ಅಂಕಿಗಳು 2, 4, 5, 7. ಒಂದು ಜೋಡಿ 2-7, ಇನ್ನೊಂದು 4-5. ಯಾವುದು ಎಲ್ಲಿ? ಇಲ್ಲಿ ಪಂಜರದ ನಿಯಮ ನೆರವಿಗೆ ಬರುತ್ತದೆ. ಗ1, ಗ2, ಘ2 ಒಂದೇ ಪಂಜರ. ಘ2ರಲ್ಲಿ 4 ಇರುವುದರಿಂದ ಗ1ರಲ್ಲಾಗಲಿ ಗ2ರಲ್ಲಾಗಲಿ 4 ಬರುವಂತಿಲ್ಲ. ಆದ್ದರಿಂದ ಗ1, ಗ2ರಲ್ಲಿ 2-7. ಖ3, ಗ3ರಲ್ಲಿ 4-5.

ಆರನೆಯ ಹೆಜ್ಜೆ. ಖ4, ಗ4ರ ಮೊತ್ತ 11. ದಾರಿಗಳು 2-9, 3-8, 4-7, 5-6. ಎರಡನೆಯ ಚೌಕದಲ್ಲಿ 2 ಮತ್ತು 5 ಮೇಲೆ ಮೀಸಲಾಗಿವೆ, 8 ಕ4ರಲ್ಲಿದೆ. ಉಳಿದದ್ದು 4-7. ಗ ಸಾಲಿನ 7 ಎಡತುದಿಯ ಜೋಡಿಯಲ್ಲಿರುವುದರಿಂದ ಗ4ರಲ್ಲಿ 4, ಖ4ರಲ್ಲಿ 7. ಗ ಸಾಲಿಗೆ 4 ಬಂದಾಯಿತು. ಹಾಗಾಗಿ ಗ3ರಲ್ಲಿ 5, ಖ3ರಲ್ಲಿ 4.

ಏಳನೆಯ ಹೆಜ್ಜೆ. ಖ5, ಖ6, ಖ7ರ ಮೊತ್ತ 6, ಅಂದರೆ 1, 2, 3. ಎರಡನೆಯ ಚೌಕದ 2 ಮೇಲೆ ಮೀಸಲು, ಆದ್ದರಿಂದ 2 ಇರಬೇಕಾದದ್ದು ಮೂರನೆಯ ಚೌಕದ ಖ7ರಲ್ಲಿ. ಎರಡನೆಯ ಚೌಕದಲ್ಲಿ ಉಳಿದ ಅಂಕಿಗಳು 6 ಮತ್ತು 9; ಅವು ಗ5, ಗ6ರಲ್ಲಿ. ಆ ಪಂಜರದ ಮೊತ್ತ 16 ಆದ್ದರಿಂದ ಗ7ರಲ್ಲಿ 1. ಖ ಸಾಲಿನಲ್ಲಿ ಬಿಟ್ಟುಹೋದ ಅಂಕಿ 5; ಅದು ಖ8ರಲ್ಲಿ. ಗ8, ಗ9ರಲ್ಲಿ ಉಳಿದ 3 ಮತ್ತು 8.

ಹೀಗೆ ಒಂದೂ ಅಂಕಿ ಕೊಡದ ಒಗಟಿನಲ್ಲಿ, ಒಮ್ಮೆಯೂ ಊಹಿಸದೆ, 27 ಮನೆಗಳ ಪೈಕಿ 11 ಖಚಿತವಾದವು, ಕೆಳಗಿನ ಸಾಲಿನ ಘ2 ಕೂಡ ದೊರೆಯಿತು. ಉಳಿದ 16 ಮನೆಗಳು ಎಂಟು ಜೋಡಿಗಳಾಗಿ ನಿಂತಿವೆ. ಅವುಗಳ ಒಳಕ್ರಮವನ್ನು ಕೆಳಗಿನ ಸಾಲುಗಳು ತೀರ್ಮಾನಿಸುತ್ತವೆ.

ಸದ್ದು ಮಾಡದ ತಪ್ಪು

ಐದನೆಯ ಹೆಜ್ಜೆಗೆ ಹಿಂತಿರುಗೋಣ. ಅಲ್ಲಿ ಪಂಜರದ ನಿಯಮವನ್ನು ಮರೆತು ಗ1ರಲ್ಲಿ 4, ಗ2ರಲ್ಲಿ 5 ಬರೆದೆವೆನ್ನಿ. ಗ1 ಮತ್ತು ಘ2 ಒಂದೇ ಸಾಲಿನಲ್ಲಿಲ್ಲ, ಒಂದೇ ಕಂಬದಲ್ಲಿಲ್ಲ, ಒಂದೇ ಚೌಕದಲ್ಲಿಲ್ಲ. ಸಾಮಾನ್ಯ ಸುಡೊಕು ಆಡಿದ ಕಣ್ಣಿಗೆ ಎರಡು ನಾಲ್ಕುಗಳು ಅಲ್ಲಿದ್ದರೆ ಏನೂ ಕೆಡುಕು ಕಾಣುವುದಿಲ್ಲ. 4, 5, 4 ಕೂಡಿದರೆ 13, ಮೊತ್ತವೂ ಸರಿ. ಮುಂದುವರಿಯಿರಿ. ಗ4ರಲ್ಲಿ 7, ಖ4ರಲ್ಲಿ 4 ಬರುತ್ತದೆ. ಖ7ರಲ್ಲಿ 2 ಇರುವುದರಿಂದ ಖ3ರಲ್ಲಿ 7, ಗ3ರಲ್ಲಿ 2. ಖ8ರಲ್ಲಿ ಅದೇ 5, ಗ7ರಲ್ಲಿ ಅದೇ 1. ಮೂರು ಸಾಲುಗಳೂ ತುಂಬುತ್ತವೆ, ಪ್ರತಿ ಮೊತ್ತವೂ ಹೊಂದುತ್ತದೆ, ಪ್ರತಿ ಚೌಕವೂ ಪೂರ್ಣವಾಗುತ್ತದೆ. ಆರು ಮನೆಗಳು ತಪ್ಪಾಗಿವೆ, ಆದರೆ ಎಲ್ಲೂ ಒಂದು ಅಪಸ್ವರವಿಲ್ಲ.

ನಾನು ಒಂದು ಭಾನುವಾರ ಬೆಳಗ್ಗೆ ಮಾಡಿದ್ದು ಇಂಥದೇ ತಪ್ಪು. ಒಗಟು ಬೇರೆ, ಬಲೆ ಇದೇ. ಎರಡು ಗಂಟೆಯ ನಂತರ, ಕೊನೆಯ ಸಾಲಿನಲ್ಲಿ, ಒಂದೇ ಕಂಬದಲ್ಲಿ ಎರಡು ಏಳುಗಳು ಎದುರಾದವು. ತಪ್ಪು ಅಲ್ಲಿ ಕಂಡಿತು, ಅಲ್ಲಿ ಹುಟ್ಟಿರಲಿಲ್ಲ. ಮೊದಲ ಹತ್ತು ನಿಮಿಷದಲ್ಲಿ ಹುಟ್ಟಿ, ತನ್ನ ಮೇಲೆ ಐವತ್ತು ಸರಿಯಾದ ತರ್ಕಗಳನ್ನು ಹೊತ್ತುಕೊಂಡು ಕೆಳಗಿನವರೆಗೆ ನಡೆದಿತ್ತು. ಆ ಹಾಳೆಯನ್ನು ನಾನು ಎಸೆಯಲಿಲ್ಲ. ಅದೇ ವಾರ ಆಸ್ಪತ್ರೆಯಲ್ಲಿ ನಡೆದ ಒಂದು ಸಂಗತಿ ನನ್ನ ಮನಸ್ಸಿನಲ್ಲಿತ್ತು.

ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಹೇಳುತ್ತೇನೆ. ವಯಸ್ಸಾದ ಒಬ್ಬರನ್ನು ಮನೆಯವರು ಕರೆತಂದಿದ್ದರು. ಎರಡು ದಿನಗಳಿಂದ ಮಾತು ಗೊಂದಲವಾಗಿತ್ತು, ನಿದ್ದೆ ಹೆಚ್ಚಾಗಿತ್ತು. ಮೂತ್ರ ಪರೀಕ್ಷೆಯಲ್ಲಿ ಸೋಂಕಿನ ಲಕ್ಷಣ ಕಂಡಿತು. ಹಿರಿಯರಲ್ಲಿ ಮೂತ್ರದ ಸೋಂಕಿನಿಂದ ಗೊಂದಲವಾಗುವುದುಂಟು. ನಾನು ಹಾಗೆಂದೇ ಬರೆದೆ. ಮರುದಿನ ಮೈ ತುಸು ಬಿಸಿಯಾಗಿತ್ತು: ಸೋಂಕು. ಊಟ ಬೇಡವೆಂದರು: ಸೋಂಕು. ಹೆಚ್ಚು ಮಲಗಿದರು: ಔಷಧ ಕೆಲಸ ಮಾಡಲು ಸಮಯ ಬೇಕು. ಬಂದ ಪ್ರತಿ ಸಂಗತಿಯೂ ನಾನು ಬರೆದಿಟ್ಟ ಮಾತಿಗೆ ಹೊಂದುತ್ತಿತ್ತು. ಮೂರನೆಯ ದಿನ ಅವರ ಮಗಳು, ಮೂರು ವಾರಗಳ ಹಿಂದೆ ತಂದೆ ತೋಟದಲ್ಲಿ ಜಾರಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿದ್ದರೆಂದು ಹೇಳಿದರು. ನಾನು ಕೇಳಿರಲಿಲ್ಲ, ಆದ್ದರಿಂದ ಅವರೂ ಹೇಳಿರಲಿಲ್ಲ. ಸಿ.ಟಿ. ಚಿತ್ರದಲ್ಲಿ ಮೆದುಳಿನ ಹೊದಿಕೆಯ ಕೆಳಗೆ ರಕ್ತ ಸಂಗ್ರಹವಾಗಿತ್ತು.

ಹಿರಿಯರ ಮೂತ್ರದಲ್ಲಿ ಸೋಂಕಿಲ್ಲದೆಯೂ ಬ್ಯಾಕ್ಟೀರಿಯಾ ಕಾಣಿಸಬಹುದು, ಅದೊಂದೇ ರೋಗನಿರ್ಣಯವಾಗದು ಎಂಬುದು ನನಗೆ ತಿಳಿಯದ ವಿಷಯವಲ್ಲ. ವಿದ್ಯಾರ್ಥಿಗಳಿಗೆ ನಾನೇ ಪಾಠ ಮಾಡಿದ್ದೆ. ತಿಳಿದ ನಿಯಮವನ್ನು ಆ ಕ್ಷಣದಲ್ಲಿ ಹಚ್ಚಿ ನೋಡಲಿಲ್ಲ. ಶಸ್ತ್ರಚಿಕಿತ್ಸೆಯಾಯಿತು, ಅವರು ಮನೆಗೆ ಮರಳಿದರು. ಆದರೆ ನಡಿಗೆ ಮೊದಲಿನಂತಾಗಲಿಲ್ಲ, ತೋಟಕ್ಕೆ ಹೋಗಲು ಊರೆ ಬೇಕಾಯಿತು. ನಾನು ಅವರ ಮಗಳ ಎದುರು ಕುಳಿತು ನಡೆದದ್ದನ್ನು ನಡೆದಂತೆ ಹೇಳಿ ಕ್ಷಮೆ ಕೇಳಿದೆ. ಮೂರು ದಿನ ಮೊದಲೇ ತಿಳಿದಿದ್ದರೆ ಅವರು ಊರೆಯಿಲ್ಲದೆ ನಡೆಯುತ್ತಿದ್ದರೇ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಒಗಟಿನಲ್ಲಿ ಅಳಿಸುವ ರಬ್ಬರಿದೆ, ಆಸ್ಪತ್ರೆಯಲ್ಲಿಲ್ಲ. ಎರಡನ್ನೂ ಸಮನೆಂದು ಹೇಳುವುದು ನನ್ನ ಉದ್ದೇಶವಲ್ಲ. ಆದರೆ ‘ಎಲ್ಲವೂ ಹೊಂದುತ್ತಿದೆ’ ಎಂಬುದು ‘ಇದು ಸಾಬೀತಾಗಿದೆ’ ಎಂಬುದಕ್ಕೆ ಸಮನಲ್ಲವೆಂದು ನನಗೆ ಕಣ್ಣಿಗೆ ಕಟ್ಟುವಂತೆ ತೋರಿಸಿದ್ದು ಆ ಎರಡು ನಾಲ್ಕುಗಳು.

ಕೆಲಸದ ಕ್ರಮ

ಅಂದಿನಿಂದ ನಾನು ಅನುಸರಿಸುವ ಕ್ರಮ ಇದು.

ಮೊದಲು, ಒಂದೇ ಕೂಟವಿರುವ ಪಂಜರಗಳನ್ನೆಲ್ಲ ಗುರುತಿಸಿ ಅಂಕಿಗಳನ್ನು ಮೂಲೆಯಲ್ಲಿ ಚಿಕ್ಕದಾಗಿ ಬರೆಯುತ್ತೇನೆ. ಪೆನ್ಸಿಲ್ ಗುರುತು ಎಂದರೆ ಸಾಧ್ಯತೆ, ದೊಡ್ಡ ಅಂಕಿ ಎಂದರೆ ನಿರ್ಣಯ, ಎರಡನ್ನೂ ಬೆರೆಸುವುದಿಲ್ಲ.

ಎರಡನೆಯದಾಗಿ, 45ರ ನಿಯಮವನ್ನು ಎಲ್ಲ ಸಾಲು, ಕಂಬ, ಚೌಕಗಳಿಗೆ, ಬಳಿಕ ಎರಡೆರಡು, ಮೂರು ಮೂರು ಸಾಲುಗಳಿಗೆ ಹಚ್ಚುತ್ತೇನೆ. ಒಳಮನೆ, ಹೊರಮನೆಗಳು ಒಂದೋ ಎರಡೋ ಇದ್ದರೆ ನಿಲ್ಲುತ್ತೇನೆ. ನಾಲ್ಕೈದಿದ್ದರೆ ಮುಂದೆ ಸಾಗುತ್ತೇನೆ.

ಮೂರನೆಯದಾಗಿ, ಮೀಸಲು ಜೋಡಿಗಳನ್ನು ಬಳಸಿ ಪಕ್ಕದ ಪಂಜರಗಳ ಕೂಟಗಳನ್ನು ಕತ್ತರಿಸುತ್ತೇನೆ. ಮೇಲಿನ ಉದಾಹರಣೆಯ ಎರಡನೆಯ ಮತ್ತು ಆರನೆಯ ಹೆಜ್ಜೆಗಳು ಈ ಬಗೆಯವು. ಕಠಿಣ ಒಗಟಿನ ಬಹುಪಾಲು ಸಮಯ ಹೋಗುವುದು ಇಲ್ಲಿಯೇ.

ನಾಲ್ಕನೆಯದಾಗಿ, ಸಿಕ್ಕಿಹಾಕಿಕೊಂಡಾಗ ಅತಿ ಕಡಿಮೆ ಸಾಧ್ಯತೆಗಳಿರುವ ಪಂಜರವನ್ನು ಆರಿಸಿ, ಪ್ರತಿಯೊಂದು ಕೂಟವನ್ನೂ ಮನಸ್ಸಿನಲ್ಲೇ ಎರಡು ಮೂರು ಹೆಜ್ಜೆ ನಡೆಸುತ್ತೇನೆ. ಎಲ್ಲ ದಾರಿಗಳೂ ಯಾವುದೋ ಒಂದು ಮನೆಗೆ ಒಂದೇ ಅಂಕಿಯನ್ನು ತಂದರೆ ಆ ಅಂಕಿ ಖಚಿತ. ಒಂದು ದಾರಿ ವಿರೋಧಕ್ಕೆ ತಂದರೆ ಆ ದಾರಿ ಇಲ್ಲ. ಇದು ಊಹೆಯಲ್ಲ. ಊಹಿಸುವವನು ಒಂದು ದಾರಿಯನ್ನು ಮಾತ್ರ ಹಿಡಿದು ಅದು ನಿಜವಾಗಲೆಂದು ಹಾರೈಸುತ್ತಾನೆ. ತರ್ಕಿಸುವವನು ಎಲ್ಲ ದಾರಿಗಳನ್ನೂ ನಡೆದು ನೋಡುತ್ತಾನೆ.

ಐದನೆಯದಾಗಿ, ದೊಡ್ಡ ಅಂಕಿ ಬರೆಯುವ ಮುನ್ನ ನಾಲ್ಕು ಪ್ರಶ್ನೆಗಳು: ಸಾಲು? ಕಂಬ? ಚೌಕ? ಪಂಜರ? ನಾಲ್ಕನೆಯದನ್ನು ನಾನು ಈಗ ಮೊದಲು ಕೇಳಿಕೊಳ್ಳುತ್ತೇನೆ.

ಮೆದುಳಿಗೆ ಇದರಿಂದ ಲಾಭವೇ?

ಕನ್ನಡ ಕೂಟದ ಸಮಾರಂಭಗಳಲ್ಲಿ ಹಿರಿಯರು ನನ್ನನ್ನು ಕೇಳುವ ಪ್ರಶ್ನೆ ಇದು: ‘ಡಾಕ್ಟ್ರೇ, ಸುಡೊಕು ಮಾಡಿದರೆ ಮರೆವಿನ ರೋಗ ಬರೋದಿಲ್ಲವಂತಲ್ಲ?’ ನೇರ ಉತ್ತರ: ಹಾಗೆ ಹೇಳಲು ಸಾಕಷ್ಟು ಆಧಾರವಿಲ್ಲ. 1936ರಲ್ಲಿ ಹುಟ್ಟಿದ 498 ಮಂದಿಯನ್ನು ಸ್ಕಾಟ್‌ಲೆಂಡಿನಲ್ಲಿ ಹಲವು ವರ್ಷ ಹಿಂಬಾಲಿಸಿದ ಒಂದು ಅಧ್ಯಯನ 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಅವರೆಲ್ಲರೂ ಹನ್ನೊಂದರ ವಯಸ್ಸಿನಲ್ಲಿ ಬುದ್ಧಿಪರೀಕ್ಷೆಗೆ ಒಳಗಾಗಿದ್ದರಿಂದ ಹೋಲಿಕೆಗೆ ಗಟ್ಟಿ ತಳಹದಿಯಿತ್ತು. ಬೌದ್ಧಿಕ ಚಟುವಟಿಕೆಗಳಲ್ಲಿ ತೊಡಗಿದವರ ಸಾಮರ್ಥ್ಯ ಇಳಿವಯಸ್ಸಿನಲ್ಲಿ ಹೆಚ್ಚಿನ ಮಟ್ಟದಲ್ಲಿತ್ತು, ಆದರೆ ಇಳಿಕೆಯ ವೇಗ ಅದರಿಂದ ಕಡಿಮೆಯಾಗಲಿಲ್ಲ. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ಬೆಟ್ಟ ಇಳಿಯುವ ವೇಗ ಎಲ್ಲರದೂ ಹೆಚ್ಚುಕಡಿಮೆ ಒಂದೇ. ಕೆಲವರು ತುಸು ಎತ್ತರದಿಂದ ಇಳಿಯಲು ಆರಂಭಿಸುತ್ತಾರೆ. ರಕ್ತದೊತ್ತಡದ ಹತೋಟಿ, ನಡಿಗೆ, ಕಿವಿ ಮಂದವಾದರೆ ಶ್ರವಣ ಸಾಧನ, ಜನರ ಒಡನಾಟ ಇವುಗಳನ್ನು ಬಿಟ್ಟು ಒಗಟೊಂದನ್ನೇ ನಂಬಬಾರದು.

ಅಪರೂಪಕ್ಕೆ ಅಪಾಯವೂ ಉಂಟು. ಹಿಮಪಾತದಲ್ಲಿ ಹೂತುಹೋಗಿ ಆಮ್ಲಜನಕದ ಕೊರತೆಯಿಂದ ಮೆದುಳಿಗೆ ಹಾನಿಯಾಗಿದ್ದ ಜರ್ಮನಿಯ ಯುವಕನೊಬ್ಬನಿಗೆ ಸುಡೊಕು ಬಿಡಿಸುವಾಗ ಎಡತೋಳಿನಲ್ಲಿ ಸೆಳವು ಬರುತ್ತಿದ್ದುದನ್ನು 2015ರಲ್ಲಿ ವೈದ್ಯರು ವರದಿ ಮಾಡಿದರು. ಆತ ಸುಡೊಕು ಬಿಟ್ಟ ಮೇಲೆ ಸೆಳವು ಮರುಕಳಿಸಲಿಲ್ಲ. ಓದುಗರು ಅಂಜಬೇಕಿಲ್ಲ, ಇಂಥದ್ದು ವೈದ್ಯ ಪತ್ರಿಕೆಗಳಿಗೆ ಸುದ್ದಿಯಾಗುವಷ್ಟು ವಿರಳ.

ಹಾಗಾದರೆ ಈ ಒಗಟಿನಿಂದ ದೊರೆಯುವುದೇನು? ಸಂತೋಷ ದೊರೆಯುತ್ತದೆ, ಅದನ್ನು ಅಲ್ಪವೆಂದು ನಾನು ತಿಳಿಯುವುದಿಲ್ಲ. ಮಂಜು ಮುಸುಕಿದ ಜನವರಿಯ ಸಂಜೆ, ಒಂದೂ ಅಂಕಿಯಿಲ್ಲದ ಮಣೆ ಕೇವಲ ಮೊತ್ತಗಳ ಬಲದಿಂದ ಮೆಲ್ಲನೆ ತುಂಬುವುದನ್ನು ನೋಡುವುದು ಹಿತವಾದ ಅನುಭವ. ಜೊತೆಗೆ, ‘ಇದು ನನಗೆ ಗೊತ್ತು’ ಮತ್ತು ‘ಇದು ಹೀಗಿರಬಹುದೆಂದು ನನಗನಿಸುತ್ತದೆ’ ಎಂಬ ಎರಡು ಮಾತುಗಳನ್ನು ಬೇರೆಬೇರೆ ಇಡುವ ಅಭ್ಯಾಸ ಒಂದಿಷ್ಟು ಬೆಳೆಯುತ್ತದೆ. ನನ್ನ ಮೇಜಿನ ಖಾನೆಯಲ್ಲಿ ಆ ಭಾನುವಾರದ ಹಾಳೆ ಇನ್ನೂ ಇದೆ. ಹೊಸದಾಗಿ ಸೇರಿದ ಕಿರಿಯ ವೈದ್ಯರು ಎರಡೇ ನಿಮಿಷದಲ್ಲಿ ರೋಗನಿರ್ಣಯ ಮುಗಿಸಿ ಬಂದಾಗ ಕೆಲವೊಮ್ಮೆ ಅದನ್ನು ತೆಗೆದು, ‘ಇದರಲ್ಲಿ ತಪ್ಪೆಲ್ಲಿದೆ ಹುಡುಕಿ’ ಎಂದು ಅವರ ಮುಂದಿಡುತ್ತೇನೆ. ಹೆಚ್ಚಿನವರು ಕೊನೆಯ ಸಾಲಿನಿಂದ ಹುಡುಕಲು ತೊಡಗುತ್ತಾರೆ. ತಪ್ಪಿರುವುದು ಮೇಲೆ.